ಫಕ್ಕೀರವ್ವನ ಕಣ್ಣಳತೆ

ಇದು ನಡೆದದ್ದು ಒಂದು ಬೇಸಿಗೆಯಲ್ಲಿ, ಯುಗಾದಿಯ ಮರುದಿನದಿಂದ ಇಪ್ಪತ್ತೊಂದು ದಿನಗಳ ಒಳಗೆ.

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮವಿತ್ತು. ಮೂರು ಕೋಣೆ, ಒಂದು ಅಡುಗೆಮನೆ, ಒಂದು ಚಪ್ಪರ. ಅಲ್ಲಿ ಗುರುಪಾದಜ್ಜ ಎಂಬ ಗುರುಗಳಿದ್ದರು. ಅವರ ಬಳಿ ಗದಿಗೆಪ್ಪ ಎಂಬ ಶಿಷ್ಯನಿದ್ದ.

ಗದಿಗೆಪ್ಪ ಮೊದಲು ಪೇಟೆಯಲ್ಲಿ ಮೋಟರ್‌ಸೈಕಲ್ ರಿಪೇರಿ ಮಾಡುತ್ತಿದ್ದ. ಹೆಂಡತಿ ಫಕ್ಕೀರವ್ವ ತೀರಿಹೋದ ಮೇಲೆ ಅಂಗಡಿ ಮುಚ್ಚಿದ. ತನ್ನ ಹಳೆಯ ಯೆಜ್ಡಿ ಗಾಡಿಯನ್ನು ಹದಿನಾಲ್ಕು ಕಿಲೋಮೀಟರು ತಳ್ಳಿಕೊಂಡು ಆಶ್ರಮಕ್ಕೆ ಬಂದ. ಚಪ್ಪರದ ಕೆಳಗೆ ನಿಲ್ಲಿಸಿದ. ಅದು ಅಲ್ಲಿ ನಿಂತು ಒಂಬತ್ತು ವರ್ಷವಾಗಿತ್ತು.

ಆ ಒಂಬತ್ತು ವರ್ಷದಲ್ಲಿ ಅವನು ಅದನ್ನು ಒಮ್ಮೆಯೂ ಚಾಲೂ ಮಾಡಿರಲಿಲ್ಲ. ಆದರೆ ಪ್ರತಿದಿನ ಬೆಳಗ್ಗೆ ಅದನ್ನು ಒರೆಸುತ್ತಿದ್ದ. ಒರೆಸಿದ ಮೇಲೆ ಹ್ಯಾಂಡಲ್ ಹಿಡಿದು ಮೆಲ್ಲಗೆ ಅತ್ತಿತ್ತ ಅಲ್ಲಾಡಿಸಿ, ಕಿವಿಯನ್ನು ಟ್ಯಾಂಕಿಗೆ ಹಚ್ಚುತ್ತಿದ್ದ. ಒಳಗೆ ಪೆಟ್ರೋಲ್ ತುಳುಕುವ ಸದ್ದು ಕೇಳುತ್ತಿತ್ತು. ಅದನ್ನು ಕೇಳಿದ ಮೇಲೆ ತೋಟಕ್ಕೆ ನೀರು ಬಿಡಲು ಹೋಗುತ್ತಿದ್ದ.

ಯುಗಾದಿಯ ಮರುದಿನ ಅಲ್ಲಾಡಿಸಿದಾಗ ಸದ್ದು ಕೇಳಲಿಲ್ಲ.

ಇನ್ನೊಮ್ಮೆ ಅಲ್ಲಾಡಿಸಿದ. ತಳದಲ್ಲೆಲ್ಲೋ ತುಸು ಕೇಳಿತು.

ಗುರುಗಳು ನದಿಯ ಕಲ್ಲಿನ ಮೇಲೆ ಕೂತು ಧೋತರ ಒಗೆಯುತ್ತಿದ್ದರು. ಗದಿಗೆಪ್ಪ ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದೇ ಅಲ್ಲಿಗೆ ಓಡಿದ.

“ಅಜ್ಜಾರ, ಗಾಡಿ ಚಾಲೂ ಮಾಡಬೇಕ್ರಿ.”

“ಒಂಬತ್ತು ವರ್ಷ ಬ್ಯಾಡಾಗಿತ್ತು.”

“ಇವತ್ತು ಬೇಕಾಗೈತ್ರಿ.”

“ಎಲ್ಲಿಗೆ ಹೊಂಟಿ?”

“ಎಲ್ಲಿಗೂ ಇಲ್ರಿ. ನಿಂತಲ್ಲೇ ಚಾಲೂ ಮಾಡ್ತೀನಿ. ಹೊಗಿ ಬಂದ್ರ ಸಾಕು.”

ಗುರುಗಳು ಧೋತರ ಹಿಂಡಿದರು. “ಹೊಗಿ ಬೇಕಂದ್ರ ಅಡಗಿಮನಿಗೆ ಹೋಗು. ದ್ಯಾಮವ್ವ ದಿನಾ ಎಬ್ಬಸ್ತಾಳ.”

ಗದಿಗೆಪ್ಪ ನಗಲಿಲ್ಲ. ಗುರುಗಳು ಅವನ ಮುಖ ನೋಡಿ, ಪಕ್ಕದ ಕಲ್ಲನ್ನು ತೋರಿಸಿದರು. ಅವನು ಕೂತ.

“ಹೇಳು.”

ಅವನು ಹೇಳಿದ.

ಆ ಗಾಡಿಗೆ ಬರೀ ಪೆಟ್ರೋಲ್ ಸಾಲುವುದಿಲ್ಲ. ಪೆಟ್ರೋಲಿಗೆ ಆಯಿಲ್ ಬೆರೆಸಿ ಟ್ಯಾಂಕಿಗೆ ಹಾಕಬೇಕು. ಲೀಟರಿಗೆ ನಲವತ್ತು ಮಿಲಿ ಎಂದು ಗದಿಗೆಪ್ಪ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. ಅವರ ಗಾಡಿಗಳಿಗೆ ತಾನೇ ಅಳೆದು ಬೆರೆಸುತ್ತಿದ್ದ. ಅವನ ಸ್ವಂತ ಗಾಡಿಗೆ ಬೆರೆಸುತ್ತಿದ್ದವಳು ಮಾತ್ರ ಫಕ್ಕೀರವ್ವ. ಅವಳ ಬಳಿ ಅಳತೆಯ ಲೋಟವಿರಲಿಲ್ಲ. ಪೆಟ್ರೋಲ್ ಕ್ಯಾನಿನ ಮೇಲೆ ಬಾಗಿ, ಆಯಿಲನ್ನು ಸಣ್ಣ ಧಾರೆಯಾಗಿ ಬಿಡುತ್ತಿದ್ದಳು. ಬಣ್ಣ ನೋಡಿ ನಿಲ್ಲಿಸುತ್ತಿದ್ದಳು.

“ಎಷ್ಟು ಹಾಕಿದಿ ಅಂತ ಕೇಳಿದ್ರ, ‘ಕಣ್ಣಿಗೆ ಗೊತ್ತೈತಿ, ಬಾಯಿಗೆ ಗೊತ್ತಿಲ್ಲ, ನೀವು ಸುಮ್ಮ ಗಾಡಿ ಹೊಡೀರಿ’ ಅಂತಿದ್ಲು. ನಾನು ನಕ್ಕು ಬಿಡ್ತಿದ್ದೆ. ಹನ್ನೊಂದು ವರ್ಷ ಬರೀ ನಗೂದ್ರಾಗ ಹೋತ್ರಿ.”

“ನಲವತ್ತಕ್ಕ ಓಡೂದಿಲ್ಲೇನು ಗಾಡಿ?”

“ಓಡತೈತ್ರಿ. ಆದ್ರ ಆಕೀ ಕೈಯಾಗಿಂದು ಹಾಕಿದ್ರ ಸದ್ದು ಬ್ಯಾರೆ. ಹೊಗಿ ವಾಸನಿನೂ ಬ್ಯಾರೆ. ಹತ್ತು ಗಾಡಿ ನಿಲ್ಲಿಸಿದ್ರೂ ಕಣ್ಣು ಮುಚ್ಚಿ ನಂದು ಯಾವುದು ಅಂತ ಹೇಳ್ತಿದ್ದೆ.”

ಅವನು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದ. ಆಮೇಲೆ ಉಳಿದದ್ದನ್ನು ಹೇಳಿದ.

ಒಂದು ಸೋಮವಾರ ಅವನು ಟ್ಯಾಂಕ್ ಬಿಚ್ಚಿ, ತೊಳೆದು, ಬಿಸಿಲಿಗೆ ಒಣಗಿಸಿ, ಮತ್ತೆ ಕೂಡಿಸಿದ್ದ. ಐದು ಲೀಟರ್ ಪೆಟ್ರೋಲ್ ತಂದಿದ್ದ. ಫಕ್ಕೀರವ್ವ ಆಯಿಲ್ ಬೆರೆಸಿ, ಕ್ಯಾನನ್ನು ಪೂರ್ತಿ ಟ್ಯಾಂಕಿಗೆ ಬಗ್ಗಿಸಿದಳು. ಮರುದಿನ ಇಬ್ಬರೂ ಅವಳ ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೋಗುವವರಿದ್ದರು. ಆದರೆ ಆ ಸೋಮವಾರ ಮಧ್ಯಾಹ್ನವೇ ಅವಳ ಎದೆ ನೋಯಿತು. ಪಕ್ಕದ ಮನೆಯವರು ಟೆಂಪೋದಲ್ಲಿ ದವಾಖಾನೆಗೆ ಒಯ್ದರು. ಗುರುವಾರ ಅವಳು ತೀರಿಹೋದಳು.

“ಟ್ಯಾಂಕಿನಾಗ ಇರೂದು ಆಕಿ ಬೆರಿಸಿದ್ದು ಅಜ್ಜಾರ. ಕಡೀದು. ಗಾಡಿ ಅದರ ಮ್ಯಾಲೆ ಒಂದು ಮಾರು ಸೈತ ಓಡಿಲ್ಲ. ಮುಚ್ಚಳ ಬಿಗಿ ಹಾಕಿ ಇಟ್ಟೀನಿ. ಒಮ್ಮೆನೂ ತೆಗದಿಲ್ಲ. ಆದ್ರೂ ಕಡಿಮಿ ಆಗೈತಿ. ಪೂರಾ ಹೋಗೂಕಿಂತ ಮೊದಲ ಆ ಹೊಗಿ ಒಮ್ಮೆ ಬರಬೇಕು. ಒಮ್ಮೆ ಸಾಕು.”

ಗುರುಗಳು ಧೋತರವನ್ನು ಕಲ್ಲಿನ ಮೇಲೆ ಹರವಿದರು. ನಾಲ್ಕು ಮೂಲೆಗೂ ಹರಳು ಇಟ್ಟರು.

“ನನಗ ಗಾಡಿ ತಿಳಿಯೂದಿಲ್ಲ. ನೀ ಕಲಿಸು. ಒಬ್ಬ ಗಿರಾಕಿ ಒಂಬತ್ತು ವರ್ಷ ನಿಂತ ಗಾಡಿ ತಂದಾನ ಅಂತ ತಿಳಿ. ಮೊದಲ ಏನು ಮಾಡ್ತಿ?”

ಗದಿಗೆಪ್ಪ ಒಂದು ಹರಳು ಎತ್ತಿ ನೀರಿಗೆ ಎಸೆದ.

“ಗಿರಾಕಿ ನಿಂತಾನಪ್ಪ. ಹೇಳು.”

“ಟ್ಯಾಂಕ್ ಖಾಲಿ ಮಾಡ್ತೀನ್ರಿ.”

“ಯಾಕ?”

“ಹಳೇ ಪೆಟ್ರೋಲ್ ಕೆಟ್ಟಿರತೈತಿ. ಗಾಡಿ ಹಿಡಿಯೂದಿಲ್ಲ.”

“ಮತ್ತ?”

“ಇದು ಬ್ಯಾರೆ ಅಜ್ಜಾರ.”

“ಹೌದು, ಬ್ಯಾರೆ,” ಎಂದರು ಗುರುಗಳು. “ಗಾಡಿಗೆ ಗೊತ್ತೈತೇನು?”

ಗದಿಗೆಪ್ಪ ಎದ್ದು ಹೋದ.

ನೇರವಾಗಿ ಚಪ್ಪರಕ್ಕೆ ಹೋಗಿ ಗಾಡಿಯ ಕಿಕ್ ಮೇಲೆ ಕಾಲಿಟ್ಟ. ಪೆಟ್ರೋಲಿನ ನಲ್ಲಿ ತೆರೆಯುವ ಮೊದಲು ಎಂಜಿನ್ ತಿರುಗುತ್ತದೆಯೇ ಎಂದು ಒತ್ತಿ ನೋಡುವುದು ಅವನ ರೂಢಿ. ಒತ್ತಿದ. ಕಿಕ್ ಇಳಿಯಲಿಲ್ಲ. ಮೈಭಾರವೆಲ್ಲ ಹಾಕಿ ಒತ್ತಿದ. ಕಾಲು ಜಾರಿ ಮೊಳಕಾಲಿನ ಕೆಳಗೆ ತೊಗಲು ಕಿತ್ತುಬಂತು.

ಅಡುಗೆಮನೆಯ ಮುಂದೆ ದ್ಯಾಮವ್ವ ಪಾತ್ರೆ ತೊಳೆಯುತ್ತಿದ್ದಳು. ಆಶ್ರಮದ ಅಡುಗೆಯೆಲ್ಲ ಅವಳದೇ. ವಯಸ್ಸಿನಲ್ಲಿ ಗದಿಗೆಪ್ಪನಿಗಿಂತ ಹಿರಿಯಳು, ಬಾಯಿಯಲ್ಲಿ ಎಲ್ಲರಿಗಿಂತ ಹಿರಿಯಳು.

“ಒಂಬತ್ತು ವರ್ಷ ಅದರ ಮೈ ತಿಕ್ಕಿದಿ. ಈಗ ಒದ್ದಿ. ತಿರುಗಿ ಒದೀದ ಬಿಡತೈತೇನು?”

ಗುರುಗಳು ನದಿಯಿಂದ ಬಂದು ಅವನ ಕಾಲು ನೋಡಿದರು. ದ್ಯಾಮವ್ವನಿಂದ ಅರಿಸಿನ ತರಿಸಿ ಹಚ್ಚಿದರು.

“ಏನಾಗೈತಿ?”

“ಎಂಜಿನ್ ಜಾಮ್ ಆಗೈತ್ರಿ. ಒಳಗ ತುಕ್ಕು.”

“ಗಿರಾಕಿಗೆ ಏನಂತ ಬೈತಿದ್ದಿ?”

“ಹೊರಗ ಒರಸಿದ್ರ ಏನು ಬಂತು, ತಿಂಗಳಿಗೊಮ್ಮೆ ಕಿಕ್ ಹೊಡೀಬೇಕಿತ್ತು ಅಂತ.”

“ನೀ ಯಾಕ ಹೊಡೀಲಿಲ್ಲ?”

“ಹೊಡದ್ರ ಚಾಲೂ ಆಗತಿತ್ತು. ಚಾಲೂ ಆದ್ರ ಆಕೀ ಪೆಟ್ರೋಲ್ ಖರ್ಚಾಗತಿತ್ತು.”

ಗುರುಗಳು ಅರಿಸಿನದ ಕೈ ತೊಳೆದುಕೊಂಡರು.

ಮರುದಿನ ಗದಿಗೆಪ್ಪ ತನ್ನ ಹಳೆಯ ಸಾಮಾನಿನ ಚೀಲ ಬಿಚ್ಚಿದ. ಪ್ಲಗ್ ತೆಗೆದ. ಆ ತೂತಿನಿಂದ ಎಂಜಿನ್ನಿನ ಒಳಗೆ ಸ್ವಲ್ಪ ಎಣ್ಣೆ ಬಿಟ್ಟ. ಬಟ್ಟೆ ತುರುಕಿ ತೂತು ಮುಚ್ಚಿದ. ಆಮೇಲೆ ಕೈಕಟ್ಟಿ ಕೂತ.

ಗುರುಗಳು ಒಂದು ಮಣೆ ತಂದು ಪಕ್ಕದಲ್ಲಿ ಕೂತರು.

“ಈಗೇನು?”

“ಈಗೇನಿಲ್ರಿ. ಎಣ್ಣಿ ತಾನಾ ಸಂದಿಗೆ ಇಳೀಬೇಕು.”

“ಎಷ್ಟು ದಿನ?”

“ಹೇಳಾಕ ಬರೂದಿಲ್ಲ. ಅವಸರ ಮಾಡಿದ್ರ ಮುರೀತೈತಿ.”

“ಚಲೋ ವಿದ್ಯೆ,” ಎಂದರು ಗುರುಗಳು. “ನಾನು ಇಷ್ಟು ವರ್ಷದಿಂದ ಇಲ್ಲಿ ಎಲ್ಲಾರಿಗೂ ಇದನ್ನ ಹೇಳಾಕತ್ತೀನಿ, ಒಬ್ಬರೂ ನಂಬೂದಿಲ್ಲ.”

ಅವರು ದಿನಾ ಬಂದು ಕೂರುತ್ತಿದ್ದರು. ಗದಿಗೆಪ್ಪ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕಿಕ್ಕನ್ನು ಕೈಯಿಂದ ಒತ್ತಿ ನೋಡುತ್ತಿದ್ದ. ಇನ್ನಷ್ಟು ಎಣ್ಣೆ ಬಿಡುತ್ತಿದ್ದ.

ಮೂರನೆಯ ದಿನ ಗುರುಗಳು ಕೇಳಿದರು, “ಆಕಿ ಹಿಂದ ಕೂತಾಗ ಸುಮ್ಮ ಕೂಡ್ತಿದ್ಲೇನು?”

“ಎಲ್ಲೀದ್ರಿ. ದಾರಿ ತುಂಬ ಮಾತು. ಯಾರ ಹೊಲದಾಗ ಏನು ಬಿತ್ಯಾರ, ಯಾರ ಮನಿ ಬಣ್ಣ ಹಚ್ಯಾರ, ಎಲ್ಲಾ.”

“ನೀ?”

“ಹ್ಞೂಂ ಅಂತಿದ್ದೆ. ಗಾಳಿಗೆ ಅರ್ಧ ಮಾತು ಕೇಳತಿರಲಿಲ್ಲ. ಕೇಳದಿದ್ರೂ ಹ್ಞೂಂ ಅಂತಿದ್ದೆ.”

“ಆಕಿಗೆ ಗೊತ್ತಾಗತಿತ್ತು?”

“ಗೊತ್ತಾಗತಿತ್ರಿ. ಬೆನ್ನಿಗೆ ಗುದ್ದತಿದ್ಲು.”

ಹೇಳಿ ಅವನು ನಕ್ಕ. ನಗು ಮುಗಿದ ಮೇಲೆ ಬಹಳ ಹೊತ್ತು ಕಿಕ್ಕಿನ ಮೇಲೆ ಕೈ ಇಟ್ಟುಕೊಂಡೇ ಕೂತ.

“ಆ ಅರ್ಧ ಮಾತು ಏನಿದ್ವೋ, ಅಜ್ಜಾರ.”

ಗುರುಗಳು ಎಣ್ಣೆಯ ಡಬ್ಬಿಯನ್ನು ಅವನ ಕಡೆ ಸರಿಸಿದರು.

ಆರನೆಯ ದಿನ ಬೆಳಿಗ್ಗೆ ಕಿಕ್ ಒಂದು ಬೆರಳಷ್ಟು ಇಳಿಯಿತು. ಸಂಜೆ ನಾಲ್ಕು ಬೆರಳು. ಏಳನೆಯ ದಿನ ಪೂರ್ತಿ ಇಳಿದು ತಾನೇ ಮೇಲೆ ಬಂತು.

“ಬಿಡ್ತು!” ಎಂದು ಗದಿಗೆಪ್ಪ ಕೂಗಿದ. ದ್ಯಾಮವ್ವ ಒಳಗಿಂದ, “ಯಾವ ದನ ಬಿಡ್ತೋ?” ಎಂದು ಓಡಿಬಂದಳು.

ಅವನು ಪ್ಲಗ್ ಒರೆಸಿ ಮತ್ತೆ ಕೂಡಿಸಿದ. ಕೈ ಪೆಟ್ರೋಲಿನ ನಲ್ಲಿಯ ಕಡೆ ಹೋಯಿತು.

ಗುರುಗಳು ಕೇಳಿದರು, “ಗಿರಾಕಿ ಗಾಡಿಗೂ ಈಗ ನಲ್ಲಿ ತೆಗೀತಿದ್ದೇನು?”

ಅವನ ಕೈ ನಿಂತಿತು.

“ಒಂಬತ್ತು ವರ್ಷದ ಪೆಟ್ರೋಲ್ ಹಾಕಿ ಚಾಲೂ ಮಾಡಿದ್ರ ಏನಾಗತೈತಿ? ನನಗ ಗೊತ್ತಿಲ್ಲ, ಅದಕ್ಕ ಕೇಳ್ತೀನಿ.”

“ಕಾರ್ಬೊರೇಟರಿನ ಸಣ್ಣ ತೂತೆಲ್ಲ ಅಂಟು ತುಂಬಿ ಕಟ್ಟತಾವು. ಚಾಲೂ ಆಗೂದಿಲ್ಲ.”

“ಹೊಗಿ?”

“ಬರೂದಿಲ್ಲ.”

“ಪೆಟ್ರೋಲ್?”

“ಅದೂ ಹೋಗತೈತಿ.”

ಗದಿಗೆಪ್ಪ ನೆಲದ ಮೇಲೆ ಕೂತ. ಇದೆಲ್ಲ ಅವನಿಗೆ ಮೊದಲೇ ಗೊತ್ತಿತ್ತು. ಒಂಬತ್ತು ವರ್ಷದಿಂದ ಗೊತ್ತಿತ್ತು.

ಊಟದ ಹೊತ್ತು ಮೀರಿದ ಮೇಲೆ ಎದ್ದು ಟ್ಯಾಂಕಿನ ಮುಚ್ಚಳ ತೆಗೆದ.

ಮೂಗು ಹತ್ತಿರ ಒಯ್ದ. ಹಿಂದಕ್ಕೆಳೆದ.

“ಏನು?”

“ಹಳೇ ಬಣ್ಣದ ಡಬ್ಬಿ ವಾಸನಿ ಬರತೈತ್ರಿ. ಆಕೀದಲ್ಲ.”

ಕಣ್ಣು ಹಚ್ಚಿ ಒಳಗೆ ನೋಡಿದ. ಐದು ಲೀಟರ್ ಇದ್ದದ್ದು ಎರಡೂ ಇರಲಿಲ್ಲ. ಬೆಲ್ಲದ ನೀರಿನ ಬಣ್ಣವಾಗಿತ್ತು.

“ಮುಚ್ಚಳ ಬಿಗಿ ಇತ್ತಲ್ರಿ,” ಎಂದ. ಯಾರಿಗೆ ಹೇಳಿದನೋ ತಿಳಿಯಲಿಲ್ಲ. “ನಲ್ಲಿನೂ ಸೋರಿಲ್ಲ. ಒಂದು ಹನಿ ಕೆಳಗ ಬಿದ್ದಿಲ್ಲ.”

“ಮುಚ್ಚಳಕ್ಕ ತೂತು ಇರತೈತೇನು?”

“ಗಾಳಿ ಆಡಾಕ ಸಣ್ಣ ತೂತು ಇರಬೇಕ್ರಿ. ಇಲ್ಲಂದ್ರ ಪೆಟ್ರೋಲ್ ಕೆಳಗ ಇಳಿಯೂದಿಲ್ಲ.”

“ಹಂಗಾದ್ರ ಹೋಗಾಕ ದಾರಿ ಇತ್ತು.”

ಗದಿಗೆಪ್ಪ ಚೀಲದಿಂದ ಒಂದು ಗಾಜಿನ ಬಾಟಲಿ ತೆಗೆದ. ಅದಕ್ಕೆ ಬಿರಡೆಯೂ ಇತ್ತು. “ಉಳಿದದ್ದನ್ನಾದ್ರೂ ಇದಕ್ಕ ಹಾಕಿ ಇಡ್ತೀನಿ. ಇದಕ್ಕ ತೂತಿಲ್ಲ.”

“ಇಟ್ಟು?”

“ಇರಲ್ರಿ. ನೋಡ್ತೀನಿ.”

ಗುರುಗಳು ಅಡುಗೆಮನೆಗೆ ಹೋದರು. ಬರುವಾಗ ಅವರ ಕೈಯಲ್ಲಿ ಹಿಟ್ಟು ನಾದುವ ದೊಡ್ಡ ಪರಾತವಿತ್ತು. ಹಿಂದೆಯೇ ದ್ಯಾಮವ್ವ.

“ಅಜ್ಜಾರ, ಅದು ರೊಟ್ಟಿ ಪರಾತ! ಸಂಜಿಗೆ ಇಪ್ಪತ್ತು ಮಂದಿ ಬರ್ತಾರ, ಎದರಾಗ ನಾದಲಿ? ನಿಮ್ಮ ಕೈಯಾಗ ಕೊಟ್ಟ ಸಾಮಾನು ಒಂದರ ತಿರುಗಿ ಬಂದೈತೇನು?”

“ಇದು ಬರೂದಿಲ್ಲ. ಹೊಸಾದು ತಗೊಂಡ್ರಾತು,” ಎಂದರು ಗುರುಗಳು.

ಪರಾತವನ್ನು ನದಿಯ ಕಡೆಯ ಕಟ್ಟೆಯ ಮೇಲೆ, ಒಲೆಯಿಂದ ದೂರದಲ್ಲಿ, ನೆರಳಿನಲ್ಲಿ ಇಟ್ಟರು.

“ಇದರಾಗ ಸುರಿ.”

“ಇದರಾಗ ಇಟ್ರ ಪೂರಾ ಹಾರಿ ಹೋಗತೈತ್ರಿ!”

“ಹಾರೂದು ಹಾರಲಿ.”

“ಬಾಟಲಿ ಐತೆಲ್ರಿ ಅಜ್ಜಾರ.”

“ಒಂಬತ್ತು ವರ್ಷ ಬಾಟಲಿಯಾಗ ಇಟ್ಟಂಗ ಇಟ್ಟಿದ್ದಿಯಲ್ಲ. ಇನ್ನೊಂಬತ್ತು ಬೇಕೇನು?”

ಗದಿಗೆಪ್ಪ ಟ್ಯಾಂಕ್ ಬಿಚ್ಚಿದ. ಎರಡೂ ಕೈಯಲ್ಲಿ ಮಗುವನ್ನು ಹಿಡಿದ ಹಾಗೆ ಹಿಡಿದು ಕಟ್ಟೆಗೆ ತಂದ. ಪರಾತದ ಮೇಲೆ ಬಗ್ಗಿಸಿದ. ಕೊನೆಯ ಹನಿ ಬೀಳುವವರೆಗೆ ಹಿಡಿದು ನಿಂತ.

“ಮುಂದ ಏನು ಮಾಡ್ತಾರ?” ಎಂದರು ಗುರುಗಳು.

“ಹೊಸ ಪೆಟ್ರೋಲ್ ಹಾಕಿ ಟ್ಯಾಂಕ್ ತೊಳೀತಾರ. ಒಳಗಿನ ಗ್ವಾಡಿಗೆ ಅಂಟಿದ್ದು ಬಿಡತೈತಿ.”

“ತೊಳಿ.”

ಆಶ್ರಮದ ನೀರಿನ ಪಂಪಿಗೆಂದು ತಂದ, ಆಯಿಲ್ ಬೆರೆಸದ ಪೆಟ್ರೋಲ್ ಸ್ವಲ್ಪ ಇತ್ತು. ಅವನು ಅರ್ಧ ಲೀಟರ್ ಹಾಕಿ ಕುಲುಕಿದ. ಚರಂಡಿಯ ಕಡೆ ನಡೆದ.

“ಅಲ್ಲಿ ಅಲ್ಲ. ಅದನ್ನೂ ಪರಾತಕ್ಕ ಸುರಿ.”

“ಇದು ಹೊಸಾದು ಅಜ್ಜಾರ. ಇದು ಆಕೀದಲ್ಲ.”

“ಇರಲಿ.”

“ಎರಡೂ ಕೂಡಿದ್ರ ಆಕೀದು ಯಾವುದು ಅಂತ ಹೆಂಗ ಗೊತ್ತಾಗಬೇಕು?”

ಗುರುಗಳು ಬೆರಳಿನಿಂದ ಪರಾತವನ್ನು ತೋರಿಸಿದರು. ಗದಿಗೆಪ್ಪ ಮುಖ ತಿರುಗಿಸಿಕೊಂಡು ಸುರಿದ. ಹೀಗೆ ಮೂರು ಸಲ ತೊಳೆಸಿ ಮೂರು ಸಲವೂ ಅದಕ್ಕೇ ಸುರಿಸಿದರು. ಆಮೇಲೆ ಧೂಳು ಬೀಳದಂತೆ ತೆಳ್ಳನೆಯ ಬಟ್ಟೆಯೊಂದನ್ನು ಮೇಲೆ ಕಟ್ಟಿದರು.

ಅಂದಿನಿಂದ ಗದಿಗೆಪ್ಪ ಗುರುಗಳ ಜೊತೆ ಮಾತು ಬಿಟ್ಟ. ಹೇಳಿದ ಕೆಲಸ ಮಾಡುತ್ತಿದ್ದ. ಕೇಳಿದ್ದಕ್ಕೆ ಹ್ಞೂಂ, ಊಹೂಂ ಎನ್ನುತ್ತಿದ್ದ.

ಗಾಡಿಯ ಕೆಲಸ ಮಾತ್ರ ನಿಲ್ಲಿಸಲಿಲ್ಲ. ಕಾರ್ಬೊರೇಟರ್ ಬಿಚ್ಚಿ, ತೂತುಗಳನ್ನು ಒಂದೊಂದಾಗಿ ಸಣ್ಣ ತಂತಿಯಿಂದ ಬಿಡಿಸಿದ. ಕಿಡಿ ಹಾರಿಸುವ ಪಾಯಿಂಟನ್ನು ನಯವಾದ ಉಪ್ಪುಕಾಗದದಿಂದ ತಿಕ್ಕಿದ. ಒಂದಕ್ಕೊಂದು ಅಂಟಿಕೊಂಡಿದ್ದ ಕ್ಲಚ್ ಪ್ಲೇಟುಗಳನ್ನು ಬಿಡಿಸಿ ತೊಳೆದ. ಪೇಟೆಗೆ ಹೋಗಿ ಎರಡು ಟ್ಯೂಬು ತಂದ.

ಕೆಲಸದ ನಡುವೆ ಹತ್ತು ಸಲ ಎದ್ದು ಕಟ್ಟೆಗೆ ಹೋಗುತ್ತಿದ್ದ. ಬಟ್ಟೆ ಎತ್ತಿ ನೋಡುತ್ತಿದ್ದ. ಪರಾತದ ಒಳಮೈಯಲ್ಲಿ ದಿನಕ್ಕೊಂದು ಗೆರೆ ಬಿಡುತ್ತಾ ಅದು ಇಳಿಯುತ್ತಿತ್ತು.

ಹನ್ನೊಂದನೆಯ ದಿನ ಅವನು ಊಟಕ್ಕೆ ಬರಲಿಲ್ಲ. ದ್ಯಾಮವ್ವ ಕಟ್ಟೆಗೇ ಹೋಗಿ ನಿಂತಳು.

“ನನ್ನ ಪರಾತ ಹೋತು. ನಿನ್ನ ಪೆಟ್ರೋಲ್ ಹೋತು. ಇಬ್ಬರೂ ಕೂಡೇ ಅಳೂಣು ಬಾ. ಹೋದ ಹೆಂಡ್ತಿ ಪೆಟ್ರೋಲಿನಾಗ ಬರ್ತಾಳೇನೋ ಹುಚ್ಚ?”

ಗದಿಗೆಪ್ಪ ಅವಳನ್ನು ನೋಡಿದ. ತಾನು ಆಡಿದ ಮಾತು ಅವಳಿಗೇ ಚುಚ್ಚಿತು. ಸ್ವಲ್ಪ ಹೊತ್ತಿನಲ್ಲಿ ಎರಡು ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಅವನಿಗೆ ಇಷ್ಟವಾದ ಗುರೆಳ್ಳಿನ ಚಟ್ನಿಪುಡಿ ತಂದು ಪಕ್ಕದಲ್ಲಿ ಇಟ್ಟಳು. ಪುಡಿಗೆ ಎಣ್ಣೆ ಬಿಡುವಾಗ ಕೇಳಿದಳು, “ಇಷ್ಟು ಸಾಕೇನು?”

“ಇನ್ನಷ್ಟು ಬಿಡು,” ಎಂದ.

ಅವನು ಉಣ್ಣುವವರೆಗೆ ಅವಳು ಅಲ್ಲೇ ಕೂತಳು.

ಹದಿನೆಂಟನೆಯ ದಿನ ಗಾಡಿಯ ಕೆಲಸ ಮುಗಿಯಿತು. ಎರಡು ಲೀಟರ್ ಹೊಸ ಪೆಟ್ರೋಲಿಗೆ ಗದಿಗೆಪ್ಪ ತನ್ನ ಗಾಜಿನ ಅಳತೆ ಲೋಟದಲ್ಲಿ ಆಯಿಲ್ ಅಳೆದ. ಲೀಟರಿಗೆ ನಲವತ್ತರ ಹಾಗೆ ಎಂಬತ್ತು ಮಿಲಿ. ಬೆರೆಸಿ ಟ್ಯಾಂಕಿಗೆ ಹಾಕಿದ. ನಲ್ಲಿ ತೆರೆದ.

ಮೊದಲ ಕಿಕ್ಕಿಗೆ ಏನೂ ಆಗಲಿಲ್ಲ. ಐದನೆಯದಕ್ಕೆ ಸೈಲೆನ್ಸರ್ ಕೆಮ್ಮಿತು. ದ್ಯಾಮವ್ವ ಬಾಗಿಲಲ್ಲಿ ನಿಂತು ಸೆರಗು ಬಿಗಿಹಿಡಿದಳು. ಆಮೇಲೆ ಒಂದರ ಹಿಂದೊಂದು ಹೊಡೆಯುತ್ತಲೇ ಹೋದ. ಅಂಗಿ ಬೆವರಿಗೆ ಅಂಟಿತು.

ಗಾಡಿ ಹಿಡಿಯಿತು.

ಮೊದಲು ಬಿಟ್ಟು ಬಿಟ್ಟು, ಆಮೇಲೆ ಒಂದೇ ಸಮನೆ. ಒಂಬತ್ತು ವರ್ಷ ಸುಮ್ಮನಿದ್ದ ಗಾಡಿಯ ಸದ್ದು ನದಿಯ ಆಚೆ ದಂಡೆಗೆ ಬಡಿದು ತಿರುಗಿ ಬಂತು. ದ್ಯಾಮವ್ವ, “ಯವ್ವಾ, ಹಿಡೀತಲ್ಲೋ!” ಎಂದು ಕೈ ತಟ್ಟಿದಳು.

ಗದಿಗೆಪ್ಪ ಗಾಡಿಯ ಹಿಂದೆ ಹೋಗಿ ಕುಕ್ಕರುಗಾಲಿನಲ್ಲಿ ಕೂತ. ಕಣ್ಣು ಮುಚ್ಚಿ, ಹೊಗೆಯನ್ನು ಎದೆತುಂಬ ಎಳೆದುಕೊಂಡ.

ಎದ್ದು ಬಂದು ಗಾಡಿ ಬಂದ್ ಮಾಡಿದ.

“ಯಾಕ?” ಎಂದರು ಗುರುಗಳು.

ಹನ್ನೊಂದು ದಿನದ ನಂತರ ಅವನು ಅವರ ಮುಖ ನೋಡಿ ಮಾತಾಡಿದ.

“ಚಲೋ ಹಿಡದೈತ್ರಿ. ಸದ್ದು ಚಲೋ ಐತಿ. ಇದು ನನ್ನ ಅಂಗಡಿ ವಾಸನಿ. ಎಲ್ಲಾ ಗಿರಾಕಿ ಗಾಡಿ ವಾಸನಿ.”

“ಆಕೀದಲ್ಲ.”

“ಅಲ್ಲ.”

ಬಿಸಿಯಾದ ಸೈಲೆನ್ಸರ್ ಟಿಕ್ ಟಿಕ್ ಎನ್ನುತ್ತಾ ಆರುತ್ತಿತ್ತು.

“ಅಜ್ಜಾರ, ನನಗ ಪೆಟ್ರೋಲ್ ಬ್ಯಾಡಾಗಿತ್ತು. ಈಗ ತಿಳೀತು. ಆಕೀ ಅಳತಿ ಬೇಕಾಗಿತ್ತು. ಒಂದು ಸಲ ಆಕೀ ಕೈ ಕೆಳಗ ಲೋಟ ಹಿಡದಿದ್ರ ಮುಗೀತಿತ್ತು. ದಿನಾ ಹತ್ತು ಗಾಡಿಗೆ ಅಳದು ಹಾಕಾಂವ ನಾನು, ಅದೊಂದು ಅಳೀಲಿಲ್ಲ. ಈಗ ಅದು ಜಗತ್ತಿನಾಗ ಯಾರಿಗೂ ಗೊತ್ತಿಲ್ಲ.”

ಗುರುಗಳು ಮಣೆಯ ಮೇಲೆ ಕೂತರು.

“ನನಗ ಒಂದು ಕಲಿಸು. ಪೆಟ್ರೋಲ್ ನೆಲಕ್ಕ ಚೆಲ್ಲಿದ್ರ ಏನಾಗತೈತಿ?”

“ಹಾರಿ ಹೋಗತೈತ್ರಿ.”

“ಏನು ಉಳೀತೈತಿ?”

“ಏನೂ ಇಲ್ಲ.”

“ಆಯಿಲ್ ಚೆಲ್ಲಿದ್ರ?”

“ಅದು ಎಲ್ಲಿ ಹೋಗತೈತ್ರಿ. ನನ್ನ ಅಂಗಡಿ ನೆಲದಾಗ ಇನ್ನೂ ಇದ್ದೀತು.”

“ಎರಡೂ ಬೆರಸಿ ಚೆಲ್ಲಿದ್ರ?”

“ಪೆಟ್ರೋಲ್ ಹಾರಿ ಹೋಗತೈತಿ, ಆಯಿಲ್...” ಎಂದ ಗದಿಗೆಪ್ಪ.

ಅವನು ಕಟ್ಟೆಯ ಕಡೆ ನೋಡಿದ. ಆಮೇಲೆ ಓಡಿದ.

ಮೂರು ದಿನದಿಂದ ಅವನು ಪರಾತದ ಬಟ್ಟೆ ಎತ್ತಿರಲಿಲ್ಲ. ಖಾಲಿಯಾದ ಪರಾತ ನೋಡುವ ಧೈರ್ಯವಿರಲಿಲ್ಲ. ಈಗ ಎತ್ತಿದ. ಖಾಲಿಯಾಗಿರಲಿಲ್ಲ. ತಳದಲ್ಲಿ ದಪ್ಪಗೆ, ಕಂದು ಬಣ್ಣದ್ದು, ಅಲ್ಲಾಡದೆ ನಿಂತಿತ್ತು. ಬೆರಳು ಅದ್ದಿ ಹೆಬ್ಬೆರಳಿಗೆ ತಿಕ್ಕಿದ. ಜಾರಿತು. ಮೂಗಿಗೆ ಹಿಡಿದ.

“ಅಜ್ಜಾರ, ಇದು ಪೆಟ್ರೋಲ್ ಅಲ್ಲ. ಇದು ಆಯಿಲ್. ಇದು ಆಕಿ ಹಾಕಿದ್ದು.”

ಗುರುಗಳು ನಿಧಾನವಾಗಿ ನಡೆದು ಬಂದರು.

“ಬಂಕಿನವರು ಹಾಕಿದ್ದೆಲ್ಲ ಹೋಗೈತಿ,” ಎಂದ ಗದಿಗೆಪ್ಪ. ಅವನ ಮಾತು ಒಂದರ ಮೇಲೊಂದು ಬೀಳುತ್ತಿತ್ತು. “ತೊಳದ ಪೆಟ್ರೋಲೂ ಹೋಗೈತಿ. ಗ್ವಾಡಿಗೆ ಅಂಟಿದ್ದು ಅದರ ಕೂಡ ಇಳಕೊಂಡು ಬಂದೈತಿ. ಅದಕ್ಕ ಮೂರು ಸಲ ತೊಳಸಿದ್ರಿ. ನಿಮಗ ಮೊದಲ ಗೊತ್ತಿತ್ತೇನ್ರಿ?”

“ನನಗ ಗಾಡಿ ತಿಳಿಯೂದಿಲ್ಲ ಅಂತ ಹೇಳೀನಲ್ಲ.”

ದ್ಯಾಮವ್ವ ಇಣುಕಿ ನೋಡಿದಳು. “ಹಂಗಾದ್ರ ಅಳೀರಿ ಬೇಗ. ನನ್ನ ಪರಾತ ಬಿಡ್ರಿ.”

“ಈಗ ಬ್ಯಾಡ,” ಎಂದ ಗದಿಗೆಪ್ಪ.

ಗುರುಗಳು ಅವನನ್ನು ನೋಡಿದರು.

“ಇನ್ನೂ ಒಂದೀಟು ಪೆಟ್ರೋಲ್ ವಾಸನಿ ಐತ್ರಿ. ಈಗ ಅಳದ್ರ ತಪ್ಪು ಬರತೈತಿ. ಪೂರಾ ಹೋಗಲಿ.”

“ಪೂರಾ?”

“ಪೂರಾ ಹೋಗಲ್ರಿ.”

ಅವನು ಬಟ್ಟೆಯನ್ನು ಬಿಚ್ಚಿಯೇ ಬಿಟ್ಟ, ಬೇಗ ಹಾರಲೆಂದು. ಧೂಳು ಬೀಳದ ಹಾಗೆ ತಾನೇ ಪಕ್ಕದಲ್ಲಿ ಕೂತು ಕಾಯ್ದ. ಅಂಚಿನಲ್ಲಿ ಮೊಳೆಯಿಂದ ಒಂದು ಗೀರು ಹಾಕಿದ. ಮರುದಿನ ಅದು ಗೀರಿನಿಂದ ಕೂದಲೆಳೆಯಷ್ಟು ಕೆಳಗೆ ಹೋಗಿತ್ತು. ಇನ್ನೊಂದು ಗೀರು ಹಾಕಿದ. ಅದರ ಮರುದಿನ ಗೀರಿನ ಮೇಲೆಯೇ ಇತ್ತು. ಇನ್ನೂ ಒಂದು ದಿನ ಕಾಯ್ದ. ಗೀರು ಬಿಟ್ಟು ಇಳಿಯಲಿಲ್ಲ. ಪೆಟ್ರೋಲಿನ ವಾಸನೆ ಒಂದಿಷ್ಟೂ ಇರಲಿಲ್ಲ.

ಇಪ್ಪತ್ತೊಂದನೆಯ ದಿನ, ಬಿಸಿಲು ಏರುವ ಮೊದಲು, ಅವನು ಅಳತೆ ಲೋಟವನ್ನು ತೊಳೆದು ಒಣಗಿಸಿ ತಂದ. ಅದರಲ್ಲಿ ಐದೈದು ಮಿಲಿಗೆ ಒಂದು ಗೆರೆ, ಒಟ್ಟು ನೂರರವರೆಗೆ. ಬಟ್ಟೆಯನ್ನು ಮೊದಲು ಇನ್ನೊಂದು ಆಯಿಲಿನಲ್ಲಿ ನೆನೆಸಿ ಹಿಂಡಿದ, ಸೋಸುವಾಗ ಅದು ತನ್ನ ಪಾಲು ಕುಡಿಯಬಾರದೆಂದು. ದ್ಯಾಮವ್ವ ಬಟ್ಟೆ ಹಿಡಿದಳು. ಗದಿಗೆಪ್ಪ ಪರಾತವನ್ನು ಓರೆ ಮಾಡಿದ. ಆಯಿಲ್ ಲೋಟಕ್ಕೆ ಇಳಿಯಿತು.

ಲೋಟವನ್ನು ಎತ್ತಿ ಹಿಡಿದ. ಬಹಳ ಹೊತ್ತು ಹಿಡಿದ. ಆಮೇಲೆ ಗುರುಗಳ ಕಡೆ ಚಾಚಿದ.

“ಗೆರಿ ಕಾಣವಲ್ದು. ನೀವ ಓದ್ರಿ.”

ಗುರುಗಳು ಲೋಟವನ್ನು ಕಟ್ಟೆಯ ಮೇಲೆ ಸಮನಾದ ಜಾಗದಲ್ಲಿ ಇಟ್ಟರು.

“ನೂರು.”

ಅದನ್ನು ಬಿರಡೆಯಿದ್ದ ಬಾಟಲಿಗೆ ಬಗ್ಗಿಸಿದರು. ಲೋಟ ಮತ್ತೆ ತುಂಬಿತು.

“ಇನ್ನೂರು.”

“ಐದು ಲೀಟರಿಗೆ ನಾನು ಅಳದಿದ್ರ ಇಲ್ಲಿಗೆ ಮುಗೀಬೇಕಿತ್ರಿ,” ಎಂದ ಗದಿಗೆಪ್ಪ.

ಗುರುಗಳು ಲೋಟವನ್ನು ಮತ್ತೆ ಬಾಟಲಿಗೆ ಬಗ್ಗಿಸಿದರು. ಪರಾತದಲ್ಲಿ ಇನ್ನೂ ಇತ್ತು.

ಅವನು ಅದನ್ನು ಪೂರ್ತಿ ಎತ್ತಿ ಹಿಡಿದ. ಅಂಚಿಗೆ ಉಳಿದದ್ದನ್ನು ಬೆರಳಿನಿಂದ ಬಳಿದು ಇಳಿಸಿದ. ಕೊನೆಯ ಹನಿ ಬೀಳುವವರೆಗೆ ಹಾಗೆಯೇ ಹಿಡಿದ.

ಗುರುಗಳು ಮೊಳಕಾಲೂರಿ, ಕಣ್ಣು ಗೆರೆಯ ಮಟ್ಟಕ್ಕೆ ಬರುವವರೆಗೆ ಬಾಗಿದರು.

“ಇನ್ನೂರ ಮೂವತ್ತೈದು.”

“ಅಂದ್ರ ಆಕಿ ಲೀಟರಿಗೆ ನಲವತ್ತೇಳು ಹಾಕತಿದ್ಲು,” ಎಂದ ಗದಿಗೆಪ್ಪ.